ಕೆಳದವಡೆಯ ಒಂದು ಮಿಲಿಮೀಟರ್

ಅವಳನ್ನು ಎಲ್ಲರೂ ಗಿರಗಿಟ್ಲೆ ಎಂದೇ ಕರೆಯುತ್ತಿದ್ದರು. ಆ ಹೆಸರಿಟ್ಟವಳು ಹೆತ್ತ ತಾಯಿ. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಮಗಳ ತಲೆ ಬಾಚುವುದೇ ಒಂದು ಯುದ್ಧವಾಗಿದ್ದ ಕಾಲದಲ್ಲಿ ಬಾಯಿಗೆ ಬಂದ ಮಾತು ಅದು. ಮುಂದೆ ಅವಳು ದಂತ ವೈದ್ಯಕೀಯ ಕಾಲೇಜಿನ ಎಕ್ಸ್‌ರೇ ವಿಭಾಗಕ್ಕೆ ಸೇರಿದಳು. ರೋಗಿಯ ತಲೆಯ ಸುತ್ತ ತೋಳು ಬಳಸಿ ತಿರುಗಿ ಇಡೀ ದವಡೆಯ ಚಿತ್ರ ತೆಗೆಯುವ ಯಂತ್ರ ಅವಳ ಪಾಲಿಗೆ ಬಂತು. "ಯಂತ್ರನೂ ಸುತ್ತುತ್ತೆ, ಇವಳೂ ಸುತ್ತುತ್ತಾಳೆ, ಹೇಳಿ ಮಾಡಿಸಿದ ಜೋಡಿ" ಎಂದು ಅಲ್ಲಿಯವರೂ ಅದೇ ಹೆಸರನ್ನು ಗಟ್ಟಿ ಮಾಡಿದರು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಅದನ್ನು ಕರೆದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ.

ಇಪ್ಪತ್ತೊಂದು ವರ್ಷದಲ್ಲಿ ಅವಳು ಎಷ್ಟು ದವಡೆ ಕಂಡಿದ್ದಳೋ ಲೆಕ್ಕವಿಲ್ಲ. ಬೀದಿಯಲ್ಲಿ ಎದುರಾದವರ ಮುಖ ಮರೆಯುತ್ತಿದ್ದಳು, ಹಲ್ಲು ಮರೆಯುತ್ತಿರಲಿಲ್ಲ. ಕೆಲಸವೇನೋ ಚೊಕ್ಕ. ಆದರೆ ಎರಡು ರೋಗಿಗಳ ನಡುವೆ ಐದು ನಿಮಿಷ ಸಿಕ್ಕರೂ ಸಾಕು, ಉದ್ದನೆಯ ಓಣಿಯ ಕೊನೆಯವರೆಗೆ ಹೋಗಿ ಬರದಿದ್ದರೆ ಅವಳಿಗೆ ಉಸಿರು ಕಟ್ಟಿದಂತಾಗುತ್ತಿತ್ತು.

ಮನೆ ಕಾಲೇಜಿನಿಂದ ನಾಲ್ಕು ಬೀದಿ ಆಚೆ. ಕೆಳಗೆ ಗಂಡನ ಸೈಕಲ್ ರಿಪೇರಿ ಅಂಗಡಿ, ಮೇಲೆ ಎರಡು ಕೋಣೆ. ಗಂಡ ಅವಳಿಗೆ ತದ್ವಿರುದ್ಧ. ಒಂದು ಬಾಗಿದ ಚಕ್ರವನ್ನು ಎದುರಿಗಿಟ್ಟುಕೊಂಡು ಕೂತರೆ ಮಧ್ಯಾಹ್ನ ಕಳೆದದ್ದೇ ತಿಳಿಯದ ಮನುಷ್ಯ. ಮೇಲಿನ ಒಂದು ಕೋಣೆಯಲ್ಲಿ ಅತ್ತೆ. ಎಪ್ಪತ್ತೊಂದು ವಯಸ್ಸು, ನಾಲಿಗೆ ಮಾತ್ರ ಇಪ್ಪತ್ತರದ್ದು. ಮುಂದಿನ ಹಲ್ಲುಗಳೆಲ್ಲ ಗಟ್ಟಿ. ಕೆಳಗೆ ಬಲಗಡೆಯ ಹಿಂದಿನ ಮೂರು ಹಲ್ಲು ಮಾತ್ರ ಹನ್ನೆರಡು ವರ್ಷದ ಹಿಂದೆಯೇ ಹೋಗಿದ್ದವು. ತೆಗೆದು ಹಾಕುವ ಹಲ್ಲಿನ ಸೆಟ್ಟನ್ನು ಆಕೆ ಒಂದೇ ವಾರ ಹಾಕಿಕೊಂಡಿದ್ದು. "ಬಾಯೊಳಗೆ ಬಾಡಿಗೆಯವರನ್ನ ಇಟ್ಕೊಂಡ ಹಾಗಿರತ್ತೆ" ಎಂದು ಅದನ್ನು ಲೋಟದಲ್ಲಿ ಮುಳುಗಿಸಿ ಮರೆತಿದ್ದಳು. ಈಗ ಮೂಳೆಗೆ ಸ್ಕ್ರೂ ಕೂರಿಸಿ ಅದರ ಮೇಲೆ ಹಲ್ಲು ಕಟ್ಟುತ್ತಾರೆಂದು ಸೊಸೆಯಿಂದಲೇ ಕೇಳಿ, ಎರಡು ಇಂಪ್ಲಾಂಟ್ ಹಾಕಿಸಿಕೊಳ್ಳಲು ಒಪ್ಪಿ ಶುಕ್ರವಾರಕ್ಕೆ ಕಾಯುತ್ತಿದ್ದಳು.

ಕಾಲೇಜಿನಲ್ಲಿ ಆ ವರ್ಷ ದೊಡ್ಡ ಡಾಕ್ಟರಮ್ಮನ ಸಂಶೋಧನೆ ನಡೆದಿತ್ತು. ಆಕೆ ಇಂಪ್ಲಾಂಟ್ ವಿಭಾಗದ ಮುಖ್ಯಸ್ಥೆ. ಕಡಿಮೆ ಮಾತು, ಜಾಸ್ತಿ ಕೆಲಸ. ನಮ್ಮ ಕೆಳದವಡೆಯ ಮೂಳೆಯೊಳಗೆ ಎರಡೂ ಕಡೆ ಒಂದೊಂದು ಸುರಂಗವಿದೆ. ಅದರೊಳಗೆ ಒಂದು ನರ ಹಾದು ಬಂದು, ಗಲ್ಲದ ಪಕ್ಕದ ಸಣ್ಣ ಕಿಂಡಿಯಿಂದ ಹೊರಬಿದ್ದು, ಕೆಳತುಟಿಗೆ ಹರಡುತ್ತದೆ. ತುಟಿಗೆ ಬಿಸಿ ತಾಗಿತೋ ತಣ್ಣಗೆ ತಾಗಿತೋ ಎಂದು ನಮಗೆ ತಿಳಿಸುವುದು ಅದೇ. ಹಲ್ಲು ಹೋದ ಜಾಗದಲ್ಲಿ ಮೂಳೆ ವರ್ಷದಿಂದ ವರ್ಷಕ್ಕೆ ಸವೆದು ತಗ್ಗಾಗುತ್ತದೆ, ನರ ಮೇಲ್ಮೈಗೆ ಹತ್ತಿರವಾಗುತ್ತದೆ. ಹಲ್ಲು ಹೋಗಿ ಎಷ್ಟು ವರ್ಷಕ್ಕೆ ಎಷ್ಟು ಮೂಳೆ ಉಳಿದಿರುತ್ತದೆ, ಅದರಲ್ಲಿ ಎಷ್ಟುದ್ದದ ಸ್ಕ್ರೂ ಕೂರಿಸಿದರೆ ನರಕ್ಕೆ ಅಪಾಯವಿಲ್ಲ ಎಂಬುದೇ ಡಾಕ್ಟರಮ್ಮನ ಪ್ರಶ್ನೆ. ಸ್ಕ್ರೂವಿನ ತುದಿಗೂ ನರಕ್ಕೂ ನಡುವೆ ಎರಡು ಮಿಲಿಮೀಟರಾದರೂ ಜಾಗ ಬಿಡಬೇಕೆಂಬುದು ಆ ವಿಭಾಗದ ಕಟ್ಟುನಿಟ್ಟು. ಚಿತ್ರ ತೆಗೆದು, ಪರದೆಯ ಮೇಲೆ ಗೆರೆ ಎಳೆದು, ಅಳತೆ ಬರೆದಿಡುವುದು ಗಿರಗಿಟ್ಲೆಯ ಕೆಲಸ. ಆರುನೂರು ದವಡೆಗಳಲ್ಲಿ ಐನೂರ ಎಂಬತ್ತು ಮುಗಿದಿದ್ದವು.

ಆ ಮಂಗಳವಾರ ಒಬ್ಬ ಬಸ್ ಡ್ರೈವರ್ ಬಂದ. ಎರಡು ವರ್ಷದ ಹಿಂದೆ ಅಲ್ಲೇ ಇಂಪ್ಲಾಂಟ್ ಹಾಕಿಸಿಕೊಂಡವನು, ವಾಡಿಕೆಯ ತಪಾಸಣೆಗೆ ಬಂದಿದ್ದ. ಚಿತ್ರ ತೆಗೆದಳು. ಅವನು ಕೋಟಿಗೆ ಗುಂಡಿ ಹಾಕಿಕೊಳ್ಳುವಷ್ಟರಲ್ಲಿ, ಕೈ ಸುಮ್ಮನಿರಲಾರದೆ, ಅವನ ಸ್ಕ್ರೂವಿನ ತಲೆಯಿಂದ ತುದಿಗೆ ಒಂದು ಗೆರೆ ಎಳೆದಳು. ಹತ್ತು ಪಾಯಿಂಟ್ ಎಂಟು ಎಂದಿತು ಪರದೆ. ಕಡತ ತೆಗೆದು ನೋಡಿದರೆ, ಹಾಕಿದ್ದು ಹತ್ತು ಮಿಲಿಮೀಟರಿನದ್ದು.

ಮತ್ತೊಮ್ಮೆ ಎಳೆದಳು. ಮತ್ತದೇ. ಹಳೆಯ ಚಿತ್ರ ತೆಗೆದು ಎಳೆದಳು: ಸರಿಯಾಗಿ ಹತ್ತು.

ಮೂಳೆ ಸವೆಯುತ್ತದೆ, ಬೆಳೆಯುತ್ತದೆ. ಲೋಹ ಬೆಳೆಯುವುದುಂಟೆ?

ಆ ಸಂಜೆ ಮನೆಯಲ್ಲಿ ಎರಡು ಲೋಟ ಕೈಜಾರಿದವು. ಒಲೆ ಹಚ್ಚಿ ಪಾತ್ರೆ ಇಡಲು ಮರೆತಳು. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡಿದಳು.

"ಏನೇ ಇದು, ಬಾಲ ಸುಟ್ಟ ಬೆಕ್ಕಿನ ಹಾಗೆ?" ಎಂದಳು ಅತ್ತೆ. "ಬಾಯಿ ಕೊಯ್ಸಿಕೊಳ್ಳೋಳು ನಾನು. ಹೆದರಿಕೆ ನಿನಗಾ?"

"ಏನಿಲ್ಲ ಅತ್ತೆ."

"ಏನಿಲ್ಲ ಅನ್ನೋರ ಮುಖ ಹೀಗಿರಲ್ಲ."

ಏನೋ ನೆನಪಾಗಿ ಮರುದಿನ ಗಿರಗಿಟ್ಲೆ ಯಂತ್ರದ ರಿಪೇರಿ ಬರೆದಿಡುವ ಪುಸ್ತಕ ತೆಗೆದಳು. ಎಂಟು ತಿಂಗಳ ಹಿಂದೆ ಯಂತ್ರ ಕೆಟ್ಟು, ಕಂಪನಿಯ ಎಂಜಿನಿಯರ್ ಬಂದು ಒಳಗಿನ ಒಂದು ಬೋರ್ಡನ್ನು ಬದಲಿಸಿದ್ದ. ಇಂಥ ಯಂತ್ರ ಎಲ್ಲವನ್ನೂ ಕೊಂಚ ದೊಡ್ಡದು ಮಾಡಿಯೇ ಚಿತ್ರ ತೆಗೆಯುತ್ತದೆ. ಎಷ್ಟು ಪಟ್ಟು ದೊಡ್ಡದು ಎಂಬ ಒಂದು ಅಂಕಿಯನ್ನು ಒಳಗೆ ಕೂರಿಸಿದರೆ, ಅದು ತಾನೇ ಭಾಗಿಸಿ ನಿಜವಾದ ಅಳತೆ ಕೊಡುತ್ತದೆ. ಬೋರ್ಡು ಬದಲಾದಾಗ ಆ ಅಂಕಿಯನ್ನು ಮತ್ತೆ ತುಂಬಬೇಕು. ತುಂಬಿದ ಮೇಲೆ ಅಳತೆ ಗೊತ್ತಿರುವ ಒಂದು ವಸ್ತುವಿನ ಚಿತ್ರ ತೆಗೆದು ತಾಳೆ ನೋಡಬೇಕು. ಪುಸ್ತಕದಲ್ಲಿ 'ತಾಳೆ ನೋಡಲಾಗಿದೆ, ಸರಿಯಿದೆ' ಎಂಬ ಸಾಲಿತ್ತು. ಅದರ ಕೆಳಗೆ ಅವಳದೇ ಸಹಿ.

ಆ ದಿನ ನೆನಪಿಗೆ ಬಂತು. ಎಂಜಿನಿಯರ್ ಎರಡು ಗಂಟೆ ತಿರುಪು ಬಿಚ್ಚಿ ತಿರುಪು ಹಾಕಿದ್ದ. ಅವನ ಪಕ್ಕ ನಿಂತೂ ನಿಂತೂ ಅವಳಿಗೆ ಮೈಯೆಲ್ಲ ಇರುವೆ ಹರಿದಂತಾಗಿತ್ತು. "ಒಂದು ಟೀ ಕುಡ್ಕೊಂಡು ಬರ್ತೀನಿ" ಎಂದು ಹೋದವಳು ಓಣಿ ದಾಟಿ, ಅಂಗಳ ದಾಟಿ, ರಸ್ತೆಯ ತನಕ ಸುತ್ತಿ ಬಂದಿದ್ದಳು. ಬಂದಾಗ ಅವನು ಚೀಲ ಕಟ್ಟಿಯಾಗಿತ್ತು. "ಎಲ್ಲ ಸರಿಯಿದೆ, ಇಲ್ಲೊಂದು ಸಹಿ ಹಾಕಿ" ಎಂದ. ಹಾಕಿದ್ದಳು.

ಪುಸ್ತಕ ಮುಚ್ಚಿದಳು. ಆ ದಿನದಿಂದ ಈಚೆಗೆ ತೆಗೆದ ಚಿತ್ರಗಳೆಷ್ಟು? ಸಂಶೋಧನೆಯವೇ ನೂರ ಅರವತ್ತಮೂರು. ಅವುಗಳಲ್ಲಿ ಅತ್ತೆಯದೂ ಒಂದು. ನರದ ಮೇಲೆ ಹನ್ನೆರಡು ಪಾಯಿಂಟ್ ಮೂರು ಮಿಲಿಮೀಟರ್ ಮೂಳೆ ಇದೆಯೆಂದು ತನ್ನ ಕೈಯಿಂದಲೇ ಬರೆದಿದ್ದಳು. ಅದನ್ನು ನಂಬಿ ಹತ್ತು ಮಿಲಿಮೀಟರಿನ ಸ್ಕ್ರೂ ತೆಗೆದಿಟ್ಟಿದ್ದರು.

ಡಾಕ್ಟರಮ್ಮ ಊಟದ ಡಬ್ಬಿ ಪಕ್ಕಕ್ಕಿಟ್ಟುಕೊಂಡು ಯಾವುದೋ ಸಮ್ಮೇಳನದ ಭಾಷಣ ತಿದ್ದುತ್ತಿದ್ದರು. ಹತ್ತು ದಿನದಲ್ಲಿ ಈ ಸಂಶೋಧನೆಯನ್ನೇ ಅಲ್ಲಿ ಓದಬೇಕಿತ್ತು. ಗಿರಗಿಟ್ಲೆ ಡ್ರೈವರನ ಚಿತ್ರ ಮುಂದಿಟ್ಟು, ಬೋರ್ಡು ಬದಲಾದಾಗಿನಿಂದ ಯಂತ್ರದ ಅಳತೆಯೇ ತಪ್ಪಿರಬೇಕು ಎಂದಳು.

"ಸ್ಕ್ರೂ ವಾರೆ ಕೂತಿದ್ರೆ ಅಳತೆ ಹೆಚ್ಚುಕಮ್ಮಿ ಆಗತ್ತೆ" ಎಂದರು ಡಾಕ್ಟರಮ್ಮ, ತಲೆ ಎತ್ತದೆ.

"ವಾರೆ ಇದ್ರೆ ಗಿಡ್ಡ ಕಾಣಬೇಕು ಮೇಡಂ. ಉದ್ದ ಹೇಗೆ ಕಾಣತ್ತೆ?"

ಈಗ ತಲೆ ಎತ್ತಿದರು. ಚಿತ್ರ ನೋಡಿದರು. "ಒಂದು ಸ್ಕ್ರೂ ನೋಡಿ ಎಂಟು ತಿಂಗಳ ಕೆಲಸ ನೀರಿಗೆ ಹಾಕು ಅಂತೀಯಾ? ಗುಮಾನಿ ಬೇಡ, ಪುರಾವೆ ತಗೊಂಡು ಬಾ."

ಸಹಿಯ ವಿಷಯ ಹೇಳಲಿಲ್ಲ. ಹೊರಗೆ ಬಂದು ಓಣಿಯಲ್ಲಿ ಮೂರು ಸಲ ಆಚೀಚೆ ನಡೆದಳು. ಯಂತ್ರದ ಜೊತೆ ಬಂದಿದ್ದ ತಾಳೆ ನೋಡುವ ಕಡ್ಡಿ ಎಲ್ಲಿ ಹೋಗಿತ್ತೋ, ಬೀರುಗಳನ್ನೆಲ್ಲ ಜಾಲಾಡಿದರೂ ಸಿಗಲಿಲ್ಲ. ಕಂಪನಿಯವರು ಮುಂದಿನ ವಾರ ಬರುತ್ತೇವೆಂದರು. ಮುಂದಿನ ವಾರಕ್ಕೆ ಮೊದಲು ಶುಕ್ರವಾರವಿತ್ತು.

ಸಂಜೆ ಅಂಗಡಿಯಲ್ಲಿ ಗಂಡನ ಎದುರು ನಿಂತಳು. "ಸರಿಯಾದ ಅಳತೆ ಅಂತ ಕಣ್ಣು ಮುಚ್ಕೊಂಡು ನಂಬಬಹುದಾದ ವಸ್ತು ನಿನ್ನ ಹತ್ರ ಏನಿದೆ?"

ಗಂಡ ಕೈಯ ಗ್ರೀಸು ಒರೆಸಿಕೊಂಡು ಯೋಚಿಸಿದ. "ನನ್ನ ಬಿಟ್ರೆ, ಬೇರಿಂಗ್ ಗುಂಡು" ಎಂದ. ಹಿಂದಿನ ಚಕ್ರದ ಗುಂಡುಗಳ ಹೊಸ ಪೊಟ್ಟಣ ಒಡೆದು, ನಾಲ್ಕು ಅವಳ ಅಂಗೈಗೆ ಹಾಕಿದ. "ಕಾಲಿಂಚು. ಅಂದ್ರೆ ಆರು ಪಾಯಿಂಟ್ ಮೂರೈದು. ಕೂದಲೆಳೆ ವ್ಯತ್ಯಾಸ ಇದ್ರೂ ಚಕ್ರ ಕಿರುಗುಟ್ಟತ್ತೆ."

ಗುರುವಾರ ಬೆಳಿಗ್ಗೆ ರೋಗಿಗಳು ಬರುವ ಮೊದಲೇ ಅಂಗರಚನಾ ವಿಭಾಗಕ್ಕೆ ಹೋದಳು. ಅಲ್ಲಿ ಗಾಜಿನ ಬೀರುವಿನ ತುಂಬ ಒಣ ದವಡೆಗಳು, ಒಂದೊಂದಕ್ಕೂ ಕಪ್ಪು ಮಸಿಯ ನಂಬರು. ಬೀರು ನೋಡಿಕೊಳ್ಳುವ ಮುದುಕ ಹಿಂದಿನ ಹಲ್ಲಿಲ್ಲದ ಕೆಳದವಡೆಯೊಂದನ್ನು ಹುಡುಕಿಕೊಟ್ಟು, "ಜೋಪಾನ. ಇವರು ನನಗಿಂತ ಹಳಬರು" ಎಂದ. ಅವಳು ಅದಕ್ಕೆ ಮೇಣದಿಂದ ಒಂದು ಗುಂಡು ಅಂಟಿಸಿ, ಸ್ಪಂಜಿನ ತುಂಡುಗಳ ನಡುವೆ ರೋಗಿಯ ಗಲ್ಲದ ಜಾಗದಲ್ಲಿ ನಿಲ್ಲಿಸಿ, ಸೀಸದ ಗಾಜಿನ ಹಿಂದೆ ಹೋಗಿ ಗುಂಡಿ ಒತ್ತಿದಳು. ತೋಳು ಗುಂಯ್ ಎಂದು ಆ ಬಡಪಾಯಿ ಮೂಳೆಯ ಸುತ್ತ ಒಂದು ಸುತ್ತು ಬಂತು.

ಗುಂಡು ಆರು ಪಾಯಿಂಟ್ ಒಂಬತ್ತು ಎಂದು ಬಂತು.

ಎರಡನೆಯದೂ ಅಷ್ಟೇ. ಮೂರನೆಯದೂ ಅಷ್ಟೇ. ಮೂಳೆಯ ಎತ್ತರವನ್ನು ಕ್ಯಾಲಿಪರ್ ಹಿಡಿದು ಕೈಯಿಂದ ಅಳೆದಳು, ಪರದೆಯ ಮೇಲೆ ಅಳೆದಳು. ನೂರಕ್ಕೆ ಎಂಟು ಪಾಲು ಹೆಚ್ಚು. ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತೆಯ ಹನ್ನೆರಡು ಪಾಯಿಂಟ್ ಮೂರನ್ನು ತಿದ್ದಿ ನೋಡಿದಳು: ಹನ್ನೊಂದು ಪಾಯಿಂಟ್ ನಾಲ್ಕು. ಸ್ಕ್ರೂ ಹತ್ತು ಮಿಲಿಮೀಟರು. ಕೊರೆಯುವ ಬೈರಿಗೆಯ ಚೂಪು ತುದಿ ಇನ್ನೊಂದು ಮಿಲಿಮೀಟರು ಕೆಳಕ್ಕೆ ಇಳಿಯುತ್ತದೆ. ಉಳಿಯುವುದು ಒಂದು ಉಗುರಿನ ದಪ್ಪವೂ ಇಲ್ಲ.

ಈ ಸಲ ಡಾಕ್ಟರಮ್ಮ ಕುರ್ಚಿಯಿಂದ ಎದ್ದು ನಿಂತು ಚಿತ್ರಗಳನ್ನು ನೋಡಿದರು. ತಾವೇ ಯಂತ್ರದ ಕೋಣೆಗೆ ಬಂದು ನಾಲ್ಕನೆಯ ಗುಂಡನ್ನು ತಮ್ಮ ಕೈಯಿಂದ ಅಂಟಿಸಿದರು. ಅದೂ ಆರು ಪಾಯಿಂಟ್ ಒಂಬತ್ತು.

"ಬೋರ್ಡು ಬದಲಾಯಿಸಿದ ದಿನ ತಾಳೆ ನೋಡಿದ್ದು ಯಾರು?"

"ಯಾರೂ ನೋಡಿಲ್ಲ ಮೇಡಂ. ನಾನು ಹೊರಗೆ ಹೋಗಿದ್ದೆ. ವಾಪಸ್ ಬಂದು ಸಹಿ ಹಾಕಿದೆ."

ಬೈಗುಳಕ್ಕೆ ತಲೆ ತಗ್ಗಿಸಿ ನಿಂತಳು. ಬೈಗುಳ ಬರಲಿಲ್ಲ. ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, "ನಾನೂ ಕೇಳಬೇಕಿತ್ತು. ಕೇಳಲಿಲ್ಲ" ಎಂದರು. ಆಮೇಲೆ ಒಂದೊಂದಾಗಿ ಹೇಳಿದರು: ನಾಳೆಯ ಆಪರೇಷನ್ ಇಲ್ಲ. ಸಮ್ಮೇಳನಕ್ಕೆ ಹೋಗುವುದಿಲ್ಲ. ಈ ಎಂಟು ತಿಂಗಳಲ್ಲಿ ಈ ಯಂತ್ರದ ಅಳತೆ ನಂಬಿ ಯಾರ್ಯಾರಿಗೆ ಕೆಳದವಡೆಯಲ್ಲಿ ಇಂಪ್ಲಾಂಟ್ ಹಾಕಿದೆಯೋ ಅವರ ಪಟ್ಟಿ ಇವತ್ತೇ ಬೇಕು.

ಅತ್ತೆಗೆ ಸುದ್ದಿ ಹೇಳಿದಾಗ ಆಕೆ ಕೆಂಡವಾದಳು. "ನಾಲ್ಕು ತಿಂಗಳಿಂದ ಕಾದಿದ್ದೀನಿ. ಊರಲ್ಲಿ ಎಲ್ಲರ ಬಾಯಿ ಸರಿ ಮಾಡ್ತೀರಿ, ಮನೆಯವಳ ಹಲ್ಲಿಗೆ ಅಡ್ಡಗಾಲು!"

"ಅತ್ತೆ, ನಾಳೆ ಹಾಕಿದ್ರೆ ನಿಮ್ಮ ತುಟಿ ಮರಗಟ್ಟಬಹುದಿತ್ತು. ತಪ್ಪು ನನ್ನದು." ಎಲ್ಲವನ್ನೂ ಬಿಡಿಸಿ ಹೇಳಿದಳು.

ಅತ್ತೆ ಕೆಳತುಟಿಯನ್ನು ಬೆರಳಿನಿಂದ ಒಮ್ಮೆ ಮುಟ್ಟಿ ನೋಡಿಕೊಂಡಳು. "ಬೇರೆಯವರ ಕಥೆ ಏನು?" ಎಂದಳು. "ಆಗಲೇ ಹಾಕಿಸಿಕೊಂಡಿರೋರು?"

ಆಗಲೇ ಹಾಕಿಸಿಕೊಂಡಿದ್ದವರು ಏಳು ಜನ. ಕಂಪನಿಯ ಎಂಜಿನಿಯರ್ ಸೋಮವಾರ ಬಂದು ಹತ್ತೇ ನಿಮಿಷದಲ್ಲಿ ಅಂಕಿ ಸರಿ ಮಾಡಿ ಹೋದ. ಈ ಬಾರಿ ಗಿರಗಿಟ್ಲೆ ಅವನ ಬೆನ್ನಿಗೆ ಅಂಟಿಕೊಂಡೇ ನಿಂತಿದ್ದಳು. ಏಳು ಜನರಿಗೂ ಹೇಳಿಕಳಿಸಿ, ಬಂದವರ ಹೊಸ ಚಿತ್ರ ತೆಗೆದರು. ಆರು ಜನರಿಗೆ ಮೂಳೆ ಧಾರಾಳವಾಗಿತ್ತು, ಬಚಾವಾಗಿದ್ದರು. ಏಳನೆಯವರು ಬರಲೇ ಇಲ್ಲ. ಅವರ ಕಡತದಲ್ಲಿ ಮೂರು ತಿಂಗಳ ಹಿಂದಿನ ಒಂದು ಸಾಲಿತ್ತು: 'ಕೆಳತುಟಿ ಜೋಮು ಹಿಡಿದಿದೆ ಎನ್ನುತ್ತಾರೆ. ತಾನಾಗಿ ಸರಿಹೋಗುತ್ತದೆಂದು ಧೈರ್ಯ ಹೇಳಲಾಗಿದೆ.'

ಡಾಕ್ಟರಮ್ಮ ಫೋನ್ ಮಾಡು ಎಂದಿದ್ದರು. ಗಿರಗಿಟ್ಲೆಗೆ ಫೋನಿನ ಮುಂದೆ ಕೂರಲಾಗಲಿಲ್ಲ. ವಿಳಾಸ ಹಿಡಿದು ಹೊರಟೇಬಿಟ್ಟಳು.

ಮೂರನೆಯ ಮಹಡಿಯ ಸಣ್ಣ ಮನೆ. ಬಾಗಿಲು ತೆರೆದವರು ಐವತ್ತರ ಆಸುಪಾಸಿನ ಹೆಂಗಸು, ಒಂದನೆಯ ತರಗತಿಯ ಟೀಚರು. ಕೈಯಲ್ಲಿ ಕರವಸ್ತ್ರವಿತ್ತು, ಮಾತಿಗೊಮ್ಮೆ ತುಟಿಯ ಎಡಮೂಲೆ ಒರೆಸಿಕೊಳ್ಳುತ್ತಿದ್ದರು, ಅಲ್ಲಿ ಏನೂ ಇಲ್ಲದಿದ್ದರೂ.

ಗಿರಗಿಟ್ಲೆ ನಿಂತೇ ಹೇಳಿದಳು. ಅಂಕಿ, ಸಹಿ, ಟೀ, ಯಾವುದನ್ನೂ ಬಚ್ಚಿಡಲಿಲ್ಲ.

"ಮೂರು ತಿಂಗಳಿಂದ ಹೇಳ್ತಾನೇ ಇದ್ದೀನಿ" ಎಂದರು ಟೀಚರು. "ನಿಮ್ಮ ಆಸ್ಪತ್ರೆಯವರು ಸರಿಹೋಗತ್ತೆ ಅಂದ್ರು. ನಮ್ಮಣ್ಣ, ಎಲ್ಲ ನಿನ್ನ ಮನಸ್ಸಿನಲ್ಲಿದೆ ಅಂದ. ನಾನು ಹೇಳಿಕೊಡೋದು ಪ ಫ ಬ ಭ ಮ. ತುಟಿ ಮುಚ್ಚಿದೆಯೋ ಇಲ್ವೋ ನನಗೇ ತಿಳಿಯಲ್ಲ. ಟೀಚರ್, ಎಂಜಲು ಸೋರ್ತಿದೆ ಅಂತ ಮಕ್ಕಳು ಹೇಳ್ತಾರೆ." ಕರವಸ್ತ್ರವನ್ನು ಮುಷ್ಟಿಯಲ್ಲಿ ಹಿಂಡಿದರು. "ನನಗೆ ಹುಚ್ಚು ಹಿಡಿದಿಲ್ಲ ಅಂತ ಹೇಳೋಕೆ ಬಂದಿದ್ದೀಯ. ನಿನಗೆ ಕೈ ಮುಗೀಲಾ, ಕಪಾಳಕ್ಕೆ ಹೊಡೀಲಾ, ಗೊತ್ತಾಗ್ತಿಲ್ಲ."

"ಯಾವುದಾದ್ರೂ ಮಾಡಿ. ಆದ್ರೆ ಇವತ್ತೇ ನನ್ನ ಜೊತೆ ಬನ್ನಿ. ತಡ ಆದಷ್ಟೂ ನರಕ್ಕೆ ಕಷ್ಟ."

ಬಂದರು. ಹೊಸ ಚಿತ್ರದಲ್ಲಿ ಸ್ಕ್ರೂವಿನ ತುದಿ ನರದ ಸುರಂಗದ ಚಾವಣಿಯನ್ನೇ ಒತ್ತಿಕೊಂಡಿತ್ತು. ಮೂಳೆ ಅದನ್ನು ಆಗಲೇ ಬಿಗಿಯಾಗಿ ಹಿಡಿದಿದ್ದರಿಂದ ಬಿಚ್ಚಿ ತೆಗೆಯುವುದು ಸುಲಭವಾಗಲಿಲ್ಲ. ಡಾಕ್ಟರಮ್ಮನ ಹಣೆಯ ಮೇಲೆ ಬೆವರು ಸಾಲುಗಟ್ಟಿತು. ಹೊರಗೆ ಓಣಿಯಲ್ಲಿ ಗಿರಗಿಟ್ಲೆ ಎಷ್ಟು ಸಲ ಆಚೀಚೆ ಹೋದಳೋ, ಕಸ ಗುಡಿಸುವವಳು "ಅಕ್ಕಾ, ನೆಲ ಸವೀತದೆ, ಕೂತ್ಕೋ" ಎಂದಳು.

ನರ ಚೇತರಿಸಿಕೊಳ್ಳುತ್ತದೋ ಇಲ್ಲವೋ ಯಾರೂ ಮಾತು ಕೊಡಲಿಲ್ಲ. ತಿಂಗಳಿಗೊಮ್ಮೆ ಟೀಚರು ಬರಬೇಕು. ಕಣ್ಣು ಮುಚ್ಚಿ ಕೂರಬೇಕು. ಹತ್ತಿಯ ಎಳೆಯಿಂದ ತುಟಿ, ಗಲ್ಲ ಮುಟ್ಟುತ್ತಾ ಹೋದರೆ, ಗೊತ್ತಾದಲ್ಲಿ 'ಹೂಂ' ಅನ್ನಬೇಕು. ಗೊತ್ತಾಗದ ಜಾಗದ ಸುತ್ತ ಪೆನ್ನಿನಿಂದ ಗೆರೆ ಬರೆದು ಅಳೆಯಬೇಕು. ಆ ಕೆಲಸವನ್ನು ಗಿರಗಿಟ್ಲೆ ತಾನೇ ಕೇಳಿ ಪಡೆದಳು. ವಿಚಾರಣೆ ನಡೆದು ಅವಳ ಕಡತಕ್ಕೆ ಒಂದು ಎಚ್ಚರಿಕೆಯ ಪತ್ರ ಸೇರಿತು. ಅದನ್ನು ಓದಿ ಸಹಿ ಹಾಕಿದಳು. ಈ ಸಲ ಎರಡು ಬಾರಿ ಓದಿ.

ಸಂಶೋಧನೆಯ ನೂರ ಅರವತ್ತಮೂರು ಅಳತೆಗಳ ವಿಷಯ ಬಂದಾಗ, "ಎಲ್ಲ ಒಂದೇ ಸಮ ತಪ್ಪಿದೆಯಲ್ಲ, ಭಾಗಿಸಿಬಿಟ್ರೆ ಆಗಲ್ವಾ ಮೇಡಂ?" ಎಂದು ಕೇಳಿದ್ದಳು.

"ಒಂದು ಸಲ ಹಾಗೇ ನಂಬಿ ಕೆಟ್ವಿ" ಎಂದರು ಡಾಕ್ಟರಮ್ಮ. "ಸರಿಯಾದ ಅಂಕಿ ಹಾಕಿ ಒಂದೊಂದು ಚಿತ್ರವನ್ನೂ ಹೊಸದಾಗಿ ಅಳೆ."

ನಾಲ್ಕು ತಿಂಗಳು ಹಿಡಿಯಿತು. ಕುರ್ಚಿಯಲ್ಲಿ ಕೂತು, ಎದ್ದು, ಮತ್ತೆ ಕೂತು ಅಳೆದಳು. ಕಾಲು ಎಳೆಯುತ್ತಿತ್ತು, ಬಾಗಿಲು ಕರೆಯುತ್ತಿತ್ತು. ಎರಡು ದವಡೆ ಮುಗಿಯದೆ ಹೊಸ್ತಿಲು ದಾಟಬಾರದೆಂದು ತನಗೆ ತಾನೇ ಶಿಕ್ಷೆ ಹಾಕಿಕೊಂಡಿದ್ದಳು. ಸರಿಯಾದ ಅಳತೆಯಲ್ಲಿ ಹಲ್ಲು ಹೋಗಿ ಹತ್ತು ವರ್ಷ ದಾಟಿದವರ ಮೂಳೆ ಮೊದಲು ಅಂದುಕೊಂಡದ್ದಕ್ಕಿಂತ ಕಡಿಮೆಯೇ ಇತ್ತು. ಡಾಕ್ಟರಮ್ಮ ಮುಂದಿನ ವರ್ಷದ ಸಮ್ಮೇಳನದಲ್ಲಿ ಮೊದಲು ಯಂತ್ರದ ತಪ್ಪನ್ನೇ ಹೇಳಿ, ಆಮೇಲೆ ಸಂಶೋಧನೆ ಹೇಳಿದರಂತೆ. ಅತ್ತೆಗೆ ಎಂಟು ಮಿಲಿಮೀಟರಿನ ಎರಡು ಗಿಡ್ಡ ಸ್ಕ್ರೂ ಕೂತವು. ಅವು ಗಟ್ಟಿಯಾದ ಮೇಲೆ ಹಲ್ಲು ಬಂತು. ಮೊದಲ ದಿನ ಸೇಬು ಕಚ್ಚಿ ತಿಂದು, "ಹಲ್ಲೇನೋ ಚೆನ್ನಾಗಿದೆ, ಸೇಬೇ ಸಪ್ಪೆ" ಎಂದಳು.

ಟೀಚರಿಗೆ ಮೊದಲ ಎರಡು ತಿಂಗಳು ಏನೂ ಬದಲಾಗಲಿಲ್ಲ. ಮೂರನೆಯ ತಿಂಗಳು ತುಟಿಯಲ್ಲಿ ಚುಮುಚುಮು ಶುರುವಾಯಿತು. ಐದರಲ್ಲಿ ಗೆರೆ ಗಲ್ಲ ಬಿಟ್ಟು ಮೇಲೆ ಸರಿಯಿತು. ಎಂಟರ ಹೊತ್ತಿಗೆ ಎಂಜಲು ಸೋರುವುದು ನಿಂತಿತ್ತು. ಮರಗಟ್ಟಿದ ಜಾಗ ಹೆಬ್ಬೆರಳಿನ ಉಗುರಿನಷ್ಟಾಯಿತು. ಅಲ್ಲಿಗೆ ನಿಂತಿತು. ಒಂಬತ್ತು, ಹತ್ತು, ಹನ್ನೊಂದು. ಗೆರೆ ಅಲುಗಲಿಲ್ಲ. ಗಿರಗಿಟ್ಲೆ ಹತ್ತಿಯ ಎಳೆಯನ್ನು ಮತ್ತೆ ಮತ್ತೆ ಆಡಿಸಿದಳು, 'ಹೂಂ' ಬಂದೀತೆಂದು ಕಾದಳು.

ಹನ್ನೊಂದನೆಯ ತಿಂಗಳು ಟೀಚರು ಕಣ್ಣು ತೆರೆದು ಅವಳ ಕೈಯಿಂದ ಹತ್ತಿ ತೆಗೆದು ತಟ್ಟೆಯಲ್ಲಿಟ್ಟರು. "ನಾನಿನ್ನು ಬರಲ್ಲ. ಇಷ್ಟೇ ಅಂತ ಒಪ್ಕೊಂಡಿದ್ದೀನಿ."

"ಇನ್ನೊಂದು ಆರು ತಿಂಗಳು ನೋಡಬಹುದಿತ್ತು..."

"ನಿನಗೆ ಸಮಾಧಾನ ಆಗೋವರೆಗೂ ನಾನು ಬರ್ತಾ ಇರಬೇಕಾ?"

ಗಿರಗಿಟ್ಲೆ ತಟ್ಟೆ ಎತ್ತಿಟ್ಟಳು. ಬಸ್ ನಿಲ್ದಾಣದವರೆಗೆ ಜೊತೆಗೆ ನಡೆದಳು. ಬಸ್ಸು ಹತ್ತುವಾಗ ಟೀಚರು ಹಿಂತಿರುಗಿ, "ಭಾನುವಾರ ಮನೇಲೇ ಇರ್ತೀನಿ. ಬರೋದಾದ್ರೆ ಪೆನ್ನು, ಅಳತೆಪಟ್ಟಿ ಎಲ್ಲ ಬಿಟ್ಟು ಬಾ" ಎಂದರು.

ಹೋಗಲೋ ಬೇಡವೋ ಎಂದು ಎರಡು ಭಾನುವಾರ ಮನೆಯೊಳಗೇ ಸುತ್ತಿದಳು. ಮೂರನೆಯ ಭಾನುವಾರ ಅತ್ತೆಯೇ ಚಪ್ಪಲಿ ತಂದು ಬಾಗಿಲಲ್ಲಿಟ್ಟಳು. ಟೀಚರು ಚಹಾ ಕೊಟ್ಟರು, ಮಕ್ಕಳ ಸೊಟ್ಟಂಬಟ್ಟ ಅಕ್ಷರದ ಪುಸ್ತಕಗಳ ರಾಶಿ ಮುಂದಿಟ್ಟುಕೊಂಡು ತಿದ್ದತೊಡಗಿದರು. ಸ್ವಲ್ಪ ಹೊತ್ತಿಗೆ ಅರ್ಧ ರಾಶಿಯನ್ನು ಅವಳ ಕಡೆ ದೂಡಿದರು. ಗಿರಗಿಟ್ಲೆ ಎರಡು ಸಲ ಎದ್ದು ಕಿಟಕಿಯ ತನಕ ಹೋಗಿ ಬಂದಳು. ಟೀಚರು ತಿದ್ದುತ್ತಲೇ ಇದ್ದರು. ಸಂಜೆಯ ಹೊತ್ತಿಗೆ ರಾಶಿ ಮುಗಿದಿತ್ತು.